ಮ್ಯೂಸ್ ಅಂದ್ರೇನು ಮೇಷ್ಟ್ರೇ?

ಹೋದ ಭಾನುವಾರ ಪಕ್ಕದ ತಾಲ್ಲೂಕಿನಲ್ಲಿ ಒಂದು ಕವಿಗೋಷ್ಠಿ. ಅಧ್ಯಕ್ಷತೆ ನನ್ನದು. ಅಂದರೆ ಕೊನೆಯ ಕವಿ ಕೆಳಗಿಳಿಯುವ ತನಕ ಎದ್ದು ಹೋಗುವಂತಿಲ್ಲ ಎಂದರ್ಥ. ಮೂವತ್ತೆರಡು ಕವಿಗಳು, ನಲವತ್ತು ಪ್ಲಾಸ್ಟಿಕ್ ಕುರ್ಚಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಹನ್ನೊಂದನೆಯವರು ಎಪ್ಪತ್ತು ದಾಟಿದ ಹಿರಿಯರು. ಅವರನ್ನು ಕರೆಯುವಾಗ ನಿರೂಪಣೆ ಮಾಡುತ್ತಿದ್ದ ಹುಡುಗ ಮೊಬೈಲ್ ನೋಡಿಕೊಂಡು, "ಇವರ ಕಾವ್ಯದ ಹಿಂದಿರುವ ಮ್ಯೂಸ್, ಇವರ ಧರ್ಮಪತ್ನಿಯವರೂ ನಮ್ಮ ಜೊತೆಗಿದ್ದಾರೆ, ಜೋರಾದ ಚಪ್ಪಾಳೆ ಬರಲಿ" ಅಂದ. ಮೊದಲ ಸಾಲಿನಲ್ಲಿ ವೈರ್ ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತಿದ್ದ ಆಕೆ, ಯಾರ ವಿಷಯ ಹೇಳುತ್ತಿದ್ದಾನೆ ಅಂತ ಹಿಂದೆ ತಿರುಗಿ ನೋಡಿದರು.

ಕವಿಗಳು ಕೈಯಲ್ಲಿ ಹಾಳೆ ಹಿಡಿಯುವವರಲ್ಲ. ಎರಡು ನುಡಿ ಸರಾಗವಾಗಿ ಹೇಳಿದರು, ಮೂರನೆಯದಕ್ಕೆ ನಿಂತುಬಿಟ್ಟರು. ಮೈಕು ಕುಂಯ್ ಅಂತಿದೆ, ಸಭೆ ನೆಲ ನೋಡುತ್ತಿದೆ. ಆಗ ಮುಂದಿನ ಸಾಲಿನಿಂದ, ತಲೆ ಕೂಡ ಎತ್ತದೆ, ಆಕೆ ಎರಡು ಪದ ಎತ್ತಿಕೊಟ್ಟರು. ಇವರಿಗೆ ದಾರಿ ಸಿಕ್ಕಿತು. ಹೀಗೇ ಇನ್ನೂ ಎರಡು ಸಲ ಆಯಿತು.

ಆಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ಆಕೆ ಹತ್ತಿರ ಬಂದು ಕೇಳಿದರು: "ಮೇಷ್ಟ್ರೇ, ಆ ಹುಡುಗ ನನ್ನ ಏನೋ ಅಂದನಲ್ಲ, ಮ್ಯೂಸು. ಹಂಗಂದ್ರೇನು?"

"ಸ್ಫೂರ್ತಿದೇವತೆ ಅಂತ ಅಕ್ಕಾ. ಗ್ರೀಕರಲ್ಲಿ."

"ಅಯ್ಯೋ, ನಾನ್ಯಾವ ಸ್ಫೂರ್ತಿನೂ ಕೊಟ್ಟಿಲ್ಲಪ್ಪ. ಇವರು ಬರೀತಾರೆ, ಬರೆದದ್ದು ಮರೀತಾರೆ. ನನಗೆ ಬಾಯಿಗೆ ಬಂದಿರ್ತದೆ. ಅಷ್ಟೇ."

ವಾಪಸ್ ಬರುವ ಬಸ್ಸಿನಲ್ಲಿ, ಅರ್ಧ ದಾರಿಗೆ, ತಲೆಗೆ ಹೊಳೆಯಿತು. ಮೇಷ್ಟ್ರು ಅನ್ನಿಸಿಕೊಂಡ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಸರಿಯಾದ ಉತ್ತರ ಆಕೆಯೇ ಹೇಳಿದ್ದರು. ಅದಕ್ಕೇ ಈ ಉದ್ದನೆಯ ಬರಹ. ಓದುವ ಪುರುಸೊತ್ತಿದ್ದವರು ಓದಿ. ನನಗೆ ಗ್ರೀಕ್ ಬಾರದು, ಇಂಗ್ಲಿಷ್ ಅನುವಾದಗಳಲ್ಲಿ ಓದಿಕೊಂಡದ್ದು ಅಂತ ಮೊದಲೇ ಹೇಳಿಬಿಡುತ್ತೇನೆ.

ಈ ಮ್ಯೂಸ್‌ಗಳ ಬಗ್ಗೆ ನಮಗೆ ಸಿಗುವ ತೀರಾ ಹಳೆಯ ವಿವರವಾದ ಕಥೆ ಹೆಸಿಯೋಡ್ ಎಂಬ ಕವಿಯದು. ಕ್ರಿ.ಪೂ. 700ರ ಆಸುಪಾಸಿನವನು. ಮಧ್ಯ ಗ್ರೀಸಿನ ಬಿಯೋಶಿಯಾ ಸೀಮೆ, ಹೆಲಿಕಾನ್ ಬೆಟ್ಟದ ಬುಡದ ಅಸ್ಕ್ರಾ ಎಂಬ ಹಳ್ಳಿ. ಊರನ್ನು ಹೊಗಳುವ ಜಾತಿಯ ಕವಿ ಅಲ್ಲ ಈತ: ಚಳಿಗಾಲದಲ್ಲಿ ಕೆಟ್ಟದ್ದು, ಬೇಸಗೆಯಲ್ಲಿ ಕಷ್ಟ, ಒಳ್ಳೇದು ಅನ್ನೋದು ಯಾವತ್ತೂ ಇಲ್ಲ ಅಂತ ತನ್ನೂರಿನ ಬಗ್ಗೆ ತಾನೇ ಬರೆದ. ಅಪ್ಪನ ಜಮೀನಿನ ಪಾಲಿನ ವಿಚಾರಕ್ಕೆ ಪರ್ಸಿಸ್ ಎಂಬ ತಮ್ಮನ ಜೊತೆ ಜಗಳ. ಲಂಚ ತಿನ್ನುವ ನ್ಯಾಯಾಧಿಪತಿಗಳ ಮೇಲೆ ಸಿಟ್ಟು. ನಮ್ಮ ಯಾವ ಹೋಬಳಿಯಲ್ಲಾದರೂ ಸಿಕ್ಕುವ ಮನುಷ್ಯ.

ಇವನು ಬೆಟ್ಟದಡಿ ಕುರಿ ಕಾಯುತ್ತಿದ್ದಾಗ ಮ್ಯೂಸ್‌ಗಳು ಬಂದರು. ಬಂದು ಏನಂದರು? "ಎಲೈ ಕವಿಪುಂಗವ" ಅನ್ನಲಿಲ್ಲ. "ಬಯಲಲ್ಲಿ ಬಿದ್ದಿರುವ ಕುರುಬರೇ, ನಾಚಿಕೆಗೆಟ್ಟವರೇ, ಬರೀ ಹೊಟ್ಟೆಗಳೇ" ಅಂತ ಬೈದರು. ಬೈದ ಮೇಲೆ ಇನ್ನೊಂದು ಮಾತು: ನಿಜದ ಹಾಗೇ ಕಾಣುವ ಸುಳ್ಳುಗಳನ್ನು ಬೇಕಾದಷ್ಟು ಹೇಳುವುದು ನಮಗೆ ಗೊತ್ತು, ಮನಸ್ಸು ಬಂದರೆ ನಿಜ ಹೇಳುವುದೂ ಗೊತ್ತು. ಇಷ್ಟು ಹೇಳಿ ಲಾರೆಲ್ ಮರದ ಒಂದು ಕೋಲು ಕೈಗೆ ಕೊಟ್ಟು, ಅವನೊಳಗೆ ದನಿ ಊದಿ ಹೋದರು.

ಈ ಎರಡನೇ ಮಾತನ್ನು ನಾನು ಎಷ್ಟು ಸಲ ಓದಿದ್ದೇನೋ. ಪ್ರಪಂಚದ ಯಾವ ಸಾಹಿತ್ಯದಲ್ಲಿ ಕಾವ್ಯದೇವತೆಯೇ ಬಂದು, "ನಾನು ಹೇಳೋದು ಸುಳ್ಳೂ ಇರಬಹುದು, ಹುಷಾರು" ಅಂತ ಮೊದಲೇ ಎಚ್ಚರಿಸಿದ್ದಾಳೆ? ಕುರಿ ಕಾಯುವವನಿಗೆ ಕೇಳಿಸಿದ್ದು ನಿಜವೋ ಸುಳ್ಳೋ, ಅದನ್ನು ತೂಗಿ ನೋಡುವ ಕೆಲಸವನ್ನು ಅವನ ತಲೆಗೇ ಕಟ್ಟಿ ಹೋದರು. ಇಂಥವರನ್ನು "ಸ್ಫೂರ್ತಿ" ಅನ್ನುವ ಸಕ್ಕರೆ ಅಚ್ಚಿನಂಥ ಪದದೊಳಗೆ ತುರುಕಿದ್ದೇವಲ್ಲ.

ಮ್ಯೂಸ್‌ಗಳ ಅಪ್ಪ ಸ್ಯೂಸ್, ದೇವತೆಗಳ ಒಡೆಯ. ಅವನ ಮಕ್ಕಳಿಗೆ ಲೆಕ್ಕವಿಲ್ಲ, ಬಿಡಿ. ಅಮ್ಮನ ಹೆಸರು ಮುಖ್ಯ. ನೆಮೊಸಿನಿ. ಹಾಗೆಂದರೆ ನೆನಪು. ಪಿಯೇರಿಯಾ ಎಂಬಲ್ಲಿ ಒಂಬತ್ತು ರಾತ್ರಿ ಸ್ಯೂಸ್ ಅವಳ ಜೊತೆ ಕಳೆದ, ವರ್ಷ ತುಂಬಿದಾಗ ಒಂಬತ್ತು ಹೆಣ್ಣುಮಕ್ಕಳು ಹುಟ್ಟಿದರು: ಕ್ಲಿಯೋ, ಯೂಟರ್ಪೆ, ಥಲಿಯಾ, ಮೆಲ್ಪೊಮಿನಿ, ಟರ್ಪ್ಸಿಕೊರಿ, ಎರಾಟೊ, ಪಾಲಿಹಿಮ್ನಿಯಾ, ಯುರೇನಿಯಾ, ಎಲ್ಲರಿಗೂ ಮುಂದಾಳಾಗಿ ಕ್ಯಾಲಿಯೊಪಿ. ಕ್ವಿಜ್ ಪುಸ್ತಕಗಳಲ್ಲಿ ಇವರಿಗೆ ಖಾತೆ ಹಂಚಿರುತ್ತಾರೆ: ಇತಿಹಾಸ ಕ್ಲಿಯೋಗೆ, ಖಗೋಳ ಯುರೇನಿಯಾಗೆ, ದುರಂತ ನಾಟಕ ಮೆಲ್ಪೊಮಿನಿಗೆ. ಸಂಪುಟ ರಚನೆಯಾದ ಹಾಗೆ. ಇದು ಬಹಳ ಆಮೇಲಿನ ಕಾಲದವರು ಮಾಡಿದ ಹಂಚಿಕೆ. ಹೆಸಿಯೋಡನಲ್ಲಿ ಖಾತೆ ಇಲ್ಲ, ಒಂಬತ್ತು ಜನವೂ ಒಂದೇ ದನಿಯಲ್ಲಿ ಹಾಡುತ್ತಾರೆ. ಏನು ಹಾಡುತ್ತಾರೆ ಅಂದರೆ ಇರುವುದು, ಮುಂದೆ ಆಗುವುದು, ಹಿಂದೆ ಆದದ್ದು. ಮೂರು ಕಾಲವೂ ಅವರ ಬಾಯಲ್ಲಿ.

"ಹಾಗಾದ್ರೆ ಗ್ರೀಕರ ಸರಸ್ವತಿ ಅನ್ನಿ" ಅಂತ ಯಾರಾದರೂ ಬರೆದೇ ಬರೆಯುತ್ತೀರಿ. ಹೋಲಿಕೆ ಸುಲಭ, ಸರಿಯಿಲ್ಲ. ಹೆಸಿಯೋಡನ ಮ್ಯೂಸ್‌ಗಳ ಕೈಯಲ್ಲಿ ಪುಸ್ತಕವಿಲ್ಲ. ಪುಸ್ತಕವೇ ಇಲ್ಲದ, ಕಿವಿಯಿಂದ ಕಿವಿಗೆ ಹೋಗುವ ಕಾವ್ಯದ ಕಾಲದಿಂದ ಬಂದವರು ಅವರು. ಓದು ಬರಹ ಕಲಿಸುವ ಕೆಲಸ ಅವರದಲ್ಲ. ಆದರೆ ಪದದ ಬೇರು ಹಿಡಿದು ಹೋದರೆ ಒಂದು ನಂಟು ಸಿಗುತ್ತದೆ, ಅದು ನನಗೆ ಬಹಳ ಖುಷಿ ಕೊಟ್ಟಿತು. ನೆಮೊಸಿನಿ ಎಂಬ ಹೆಸರಿನ ಒಳಗಿರುವ ಧಾತುವೂ ಸಂಸ್ಕೃತದ 'ಮ್ನಾ' ಧಾತುವೂ ಒಂದೇ ಬೇರಿನವು. 'ಮ್ನಾ' ಅಂದರೆ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವುದು. ಅದರಿಂದಲೇ 'ಆಮ್ನಾಯ'. ಬಾಯಿಂದ ಬಾಯಿಗೆ ಪರಂಪರೆಯಾಗಿ ಬಂದ ಪಾಠ, ಅಂದರೆ ವೇದ. ಶೃಂಗೇರಿ ಪೀಠವನ್ನು ದಕ್ಷಿಣಾಮ್ನಾಯ ಶಾರದಾ ಪೀಠ ಅನ್ನುತ್ತೇವಲ್ಲ, ಆ ಹೆಸರಿನ ನಡುವೆ ನೆಮೊಸಿನಿಯ ಬಳ್ಳಿಯ ಒಂದು ಕುಡಿ ಕೂತಿದೆ.

ಈಗ ಹೋಮರನ ಹತ್ತಿರ ಬರೋಣ. ನಾವು ಮ್ಯೂಸನ್ನು ಎಷ್ಟು ತಪ್ಪು ತಿಳಿದಿದ್ದೇವೆ ಅನ್ನೋದು ಅವನ ಒಂದು ಜಾಗದಲ್ಲಿ ಎದ್ದು ಕಾಣುತ್ತದೆ. ಗ್ರೀಕರು ಹಡಗು ಕಟ್ಟಿಕೊಂಡು ಹೋಗಿ ಟ್ರಾಯ್ ಊರಿನ ಮೇಲೆ ಮಾಡಿದ ಯುದ್ಧದ ಕಾವ್ಯ ಅವನ ಇಲಿಯಡ್. ಅದರಲ್ಲಿ ಕವಿ ಅತಿ ದೀರ್ಘವಾಗಿ, ಅತಿ ದೈನ್ಯದಿಂದ ಮ್ಯೂಸ್‌ಗಳನ್ನು ಬೇಡಿಕೊಳ್ಳುವುದು ಎಲ್ಲಿ ಗೊತ್ತೇ? ಪ್ರೇಮದ ಸನ್ನಿವೇಶದಲ್ಲಲ್ಲ, ಟ್ರಾಯ್‌ನ ವೀರ ಹೆಕ್ಟರನ ಸಾವಿನಲ್ಲೂ ಅಲ್ಲ. ಎರಡನೇ ಸಂಧಿಯಲ್ಲಿ, ಹಡಗುಗಳ ಪಟ್ಟಿಗೆ ಮುಂಚೆ. "ನೀವು ದೇವತೆಗಳು, ಎಲ್ಲ ಕಡೆ ಇದ್ದೀರಿ, ಎಲ್ಲ ಬಲ್ಲಿರಿ. ನಾವು ಕೇಳಿದ್ದು ಬರೀ ಸುದ್ದಿ, ನಮಗೇನೂ ಗೊತ್ತಿಲ್ಲ. ನನಗೆ ಹತ್ತು ನಾಲಿಗೆ ಹತ್ತು ಬಾಯಿ ಇದ್ದರೂ, ಒಡೆಯದ ದನಿ, ಕಂಚಿನ ಎದೆ ಇದ್ದರೂ ನೀವು ನೆನಪು ಮಾಡಿಕೊಡದೆ ಟ್ರಾಯ್‌ಗೆ ಬಂದವರನ್ನೆಲ್ಲ ಹೇಳಲಾರೆ" ಅನ್ನುತ್ತಾನೆ. ಆಮೇಲೆ ಶುರು: ಯಾವ ಊರಿನಿಂದ ಯಾರು, ಎಷ್ಟು ಹಡಗು. 29 ತಂಡ, ಒಟ್ಟು 1186 ಹಡಗು. ಮೊದಲನೆಯವರೇ ಬಿಯೋಶಿಯಾದವರು, 50 ಹಡಗು, ಒಂದೊಂದರಲ್ಲಿ 120 ಜನ.

ಕಾಲೇಜಿನಲ್ಲಿ ಈ ಭಾಗವನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ. ಆದರೆ ಆ ಕಾಲದ ಕೇಳುಗನ ಜಾಗದಲ್ಲಿ ಕೂತು ನೋಡಿ. ಯಾವುದೋ ದ್ವೀಪದ ಹಳ್ಳಿಯವನು ತನ್ನೂರಿನ ಹೆಸರು ಈಗ ಬರುತ್ತೆ, ಈಗ ಬರುತ್ತೆ ಅಂತ ಕಾಯುತ್ತಿದ್ದಾನೆ. ವಂದನಾರ್ಪಣೆಯಲ್ಲಿ ಪೆಂಡಾಲ್ ಹಾಕಿಸಿಕೊಟ್ಟವರ ಹೆಸರು ಬಿಟ್ಟುಹೋದರೆ ನಮ್ಮಲ್ಲಿ ಏನಾಗುತ್ತದೆ ಅಂತ ಗೊತ್ತಲ್ಲ. ಇಲ್ಲಿ ಬಿಟ್ಟುಹೋದರೆ ಒಂದಿಡೀ ಊರು ಲೋಕದ ನೆನಪಿನಿಂದಲೇ ಹೋದ ಹಾಗೆ. ಅದಕ್ಕೇ ಕವಿ ನಡುಗುತ್ತಾನೆ. ಅವನು ಬೇಡುತ್ತಿರುವುದು ಮೂಡ್ ಅಲ್ಲ ಸ್ವಾಮಿ, ಮಾಹಿತಿ. ತಪ್ಪಿಲ್ಲದ ಪಟ್ಟಿ.

ಇದೇ ಪಟ್ಟಿಯ ನಡುವೆ ಥಾಮಿರಿಸ್ ಎಂಬ ಹಾಡುಗಾರನ ಕಥೆ ಏಳು ಸಾಲಿನಲ್ಲಿ ಬಂದುಹೋಗುತ್ತದೆ. ಥ್ರೇಸಿನವನು. ಮ್ಯೂಸ್‌ಗಳೇ ಬಂದು ಹಾಡಿದರೂ ಗೆಲ್ಲುವವನು ನಾನೇ ಅಂತ ಕೊಚ್ಚಿಕೊಂಡ. ಅವರು ಸಿಟ್ಟಾಗಿ ಅವನನ್ನು ಊನ ಮಾಡಿದರು, ಹಾಡು ಕಿತ್ತುಕೊಂಡರು, ಕೊನೆಗೆ ವಾದ್ಯ ನುಡಿಸುವುದನ್ನೇ ಮರೆಸಿದರು. ಶಿಕ್ಷೆಯ ಕೊನೆಯ ಪದ ಮರೆವು. ಕವಿಯ ಪಾಲಿನ ಮರಣದಂಡನೆ ಅದೇ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಡೆಮೊಡೊಕಸ್ ಎಂಬ ಇನ್ನೊಬ್ಬ ಹಾಡುಗಾರನಿಗೆ ಮ್ಯೂಸ್ ಒಳ್ಳೆಯದನ್ನೂ ಕೊಟ್ಟಳು, ಕೆಟ್ಟದ್ದನ್ನೂ ಕೊಟ್ಟಳು: ಕಣ್ಣು ತೆಗೆದುಕೊಂಡು ಸವಿಯಾದ ಹಾಡು ಕೊಟ್ಟಳು. ಅವಳ ಅಂಗಡಿಯಲ್ಲಿ ಪುಕ್ಕಟೆ ಏನೂ ಸಿಗುವುದಿಲ್ಲ.

ಇಷ್ಟುದ್ದದ ಕಾವ್ಯವನ್ನು ಬಾಯಲ್ಲಿ ಇಟ್ಟುಕೊಳ್ಳಲು ಸಾಧ್ಯವೇ ಅಂತ ವಿದ್ವಾಂಸರಿಗೆ ಬಹಳ ಕಾಲ ಅನುಮಾನವಿತ್ತು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕನ್ ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋಗಿ, ಹನ್ನೆರಡು ಸಾವಿರಕ್ಕೂ ಮೀರಿದ ಸಾಲುಗಳ ಕಥೆಯನ್ನು ಹೇಳಬಲ್ಲ ಅವ್ದೊ ಎಂಬ ಓದು ಬರಹ ಬಾರದ ರೈತನನ್ನು ಕಂಡುಕೊಂಡ. ಇನ್ನೊಂದು ಉತ್ತರ ನಮ್ಮ ಮಗ್ಗುಲಲ್ಲೇ ಇತ್ತು. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ದಕ್ಷಿಣ ಕನ್ನಡದ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಪಾಡ್ದನವನ್ನು ಪೂರ್ತಿ ದಾಖಲಿಸಿಕೊಂಡರು. 15,683 ಸಾಲು. ಇಲಿಯಡ್ 15,693. ಹತ್ತೇ ಸಾಲು ಕಮ್ಮಿ! ಈ ಅಂಕಿ ಓದಿದ ದಿನ ನಾನು ಹೋಮರನ ಪುಸ್ತಕವನ್ನು ಕಪಾಟಿನಲ್ಲಿ ಬೇರೆ ಥರ ನೋಡಿದೆ.

ಸರಿ, "ಸ್ಫೂರ್ತಿ" ಎಲ್ಲಿಂದ ಬಂತು? ಬೀಜ ಗ್ರೀಕರಲ್ಲೇ ಇದೆ, ತತ್ವಜ್ಞಾನಿ ಪ್ಲೇಟೋ ಹತ್ತಿರ. ಕ್ರಿ.ಪೂ. ನಾಲ್ಕನೇ ಶತಮಾನ. ಅಯಸ್ಕಾಂತದ ಕಲ್ಲಿಗೆ ಕಬ್ಬಿಣದ ಉಂಗುರ ಅಂಟಿ, ಅದಕ್ಕೆ ಇನ್ನೊಂದು ಅಂಟಿ ಸರ ಇಳಿಬೀಳುವ ಹಾಗೆ, ಮ್ಯೂಸಿನಿಂದ ಕವಿಗೆ, ಕವಿಯಿಂದ ಹಾಡುಗಾರನಿಗೆ, ಅವನಿಂದ ಕೇಳುಗನಿಗೆ ಆವೇಶ ಇಳಿಯುತ್ತದೆ ಅಂದ. ಮ್ಯೂಸಿನ ಹುಚ್ಚು ಹಿಡಿಯದೆ ಬರೀ ಕಸುಬಿನ ಬಲದಿಂದ ಕಾವ್ಯದ ಬಾಗಿಲಿಗೆ ಬಂದವನು ಕೆಲಸಕ್ಕೆ ಬಾರ ಅಂತಲೂ ಹೇಳಿಸಿದ. ಚೆಂದದ ಮಾತು. ಆದರೆ ಕವಿಗಳನ್ನು ತನ್ನ ಆದರ್ಶ ರಾಜ್ಯದಿಂದ ಹೊರಗಿಡಲು ನೋಡಿದವನೂ ಇವನೇ ಅನ್ನುವುದನ್ನು ಮರೆಯಬಾರದು. ಕವಿಗೆ ಏನೂ ಗೊತ್ತಿಲ್ಲ, ಮೈಮೇಲೆ ಬಂದಾಗ ಬಡಬಡಿಸುತ್ತಾನೆ ಅಂತ ಸಾಧಿಸುವುದು ಅವನಿಗೆ ಬೇಕಾಗಿತ್ತು. ನಮ್ಮ ಕವಿಮಿತ್ರರು ಇದನ್ನೇ ಬಿರುದಿನ ಹಾಗೆ ಎದೆಗೆ ಅಂಟಿಸಿಕೊಂಡು, "ಎರಡು ವರ್ಷದಿಂದ ಮ್ಯೂಸ್ ಒಲಿದಿಲ್ಲ" ಅಂತ ಪೋಸ್ಟ್ ಹಾಕುತ್ತಾರೆ.

ಇವರಿಗೆ ನಾನು ತೋರಿಸುವುದು ಪಾಸೇನಿಯಸ್‌ನನ್ನು. ಕ್ರಿ.ಶ. ಎರಡನೇ ಶತಮಾನದಲ್ಲಿ ಇಡೀ ಗ್ರೀಸ್ ಸುತ್ತಿ, ಪ್ರತಿ ಗುಡಿ ಪ್ರತಿ ಕಲ್ಲನ್ನು ಬರೆದಿಟ್ಟ ಪುಣ್ಯಾತ್ಮ. ಹೆಲಿಕಾನ್ ಬೆಟ್ಟಕ್ಕೂ ಹೋಗಿದ್ದ. ಹೆಸಿಯೋಡ್ ಹಾಡಿನ ಸ್ಪರ್ಧೆಯಲ್ಲಿ ಗೆದ್ದು ಮ್ಯೂಸ್‌ಗಳಿಗೆ ಒಪ್ಪಿಸಿದ್ದು ಅನ್ನುವ ಮುಕ್ಕಾಲಿಯನ್ನು, ಹೆಸಿಯೋಡನ ಕಾಲದಿಂದ ಸುಮಾರು 850 ವರ್ಷ ಕಳೆದ ಮೇಲೂ ಅವನಿಗೆ ಅಲ್ಲಿ ತೋರಿಸಿದರು. ಅವನು ದಾಖಲಿಸಿದ ಒಂದು ಐತಿಹ್ಯವಿದೆ: ಆ ಬೆಟ್ಟದಲ್ಲಿ ಮೊಟ್ಟಮೊದಲು ಪೂಜೆಗೊಂಡ ಮ್ಯೂಸ್‌ಗಳು ಒಂಬತ್ತಲ್ಲ, ಮೂರು. ಅವರ ಹೆಸರು ಮೆಲೆಟಿ, ನೀಮಿ, ಅಯೋಡಿ. ಅಂದರೆ ಅಭ್ಯಾಸ, ನೆನಪು, ಹಾಡು. ಅಭ್ಯಾಸಕ್ಕೇ ದೇವತೆಯ ಪಟ್ಟ! ದಿನಾ ಬೆಳಿಗ್ಗೆ ಎದ್ದು ಸರಳೆ ವರಸೆ ತಿಕ್ಕುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರು ಕೊಟ್ಟಿದ್ದಾರೆ? ಸ್ಫೂರ್ತಿಯ ಹೆಸರಂತೂ ಆ ಮೂರರಲ್ಲಿ ಎಲ್ಲೂ ಇಲ್ಲ.

ನನ್ನ ನಿಜವಾದ ತಕರಾರು ಬೇರೆ ಇದೆ. ಇಲಿಯಡ್ ಶುರುವಾಗುವುದು "ಹಾಡು, ದೇವಿ" ಅಂತ. ಒಡಿಸ್ಸಿ ಶುರುವಾಗುವುದು "ಹೇಳು ನನಗೆ, ಮ್ಯೂಸ್" ಅಂತ. ಹೇಳುವವಳು ಅವಳು, ಕೇಳಿಸಿಕೊಳ್ಳುವವನು ಇವನು. ಗದುಗಿನ ವೀರನಾರಾಯಣನೇ ಕವಿ, ತಾನು ಲಿಪಿಕಾರ ಅಂದನಲ್ಲ ಕುಮಾರವ್ಯಾಸ, ಅದಕ್ಕೆ ಹತ್ತಿರದ ಜಾಗ ಹೋಮರನದು. ಇವತ್ತು ಮ್ಯೂಸ್ ಅಂದರೆ ಏನಾಗಿದೆ ನೋಡಿ: ಚಿತ್ರಕಾರನ ಎದುರು ಅಲ್ಲಾಡದೆ ಕೂತ ಹುಡುಗಿ, ನಿರ್ದೇಶಕನ ಮೂರು ಸಿನಿಮಾದ ನಾಯಕಿ, ಕವಿಯ ಬಾಯಿಬಿಡದ ಹೆಂಡತಿ. ಅವಳು ಸುಮ್ಮನಿರಬೇಕು, ಇವನು ಮಾತಾಡಬೇಕು. ಪೂರ್ತಿ ತಿರುವುಮುರುವು. ಮಾತಿನ ಒಡತಿಯನ್ನು ಗೋಡೆಗೆ ನೇತುಹಾಕಿದ ಪಟ ಮಾಡಿ, ಅದನ್ನೇ ಹೊಗಳಿಕೆ ಅಂತ ಮೈಕಿನಲ್ಲಿ ಹೇಳುತ್ತೇವೆ.

ಗ್ರೀಕರು ಒಬ್ಬ ನಿಜವಾದ ಹೆಂಗಸನ್ನು ಮ್ಯೂಸ್ ಅಂದದ್ದುಂಟು. ಲೆಸ್ಬೋಸ್ ದ್ವೀಪದ ಸಾಫೋ. ಮ್ಯೂಸ್‌ಗಳು ಒಂಬತ್ತೇ ಅನ್ನುತ್ತೀರಲ್ಲ, ಇಗೋ ಹತ್ತನೆಯವಳು ಅಂತ ಒಂದು ಪುಟ್ಟ ಪದ್ಯವಿದೆ. ಬರೆದವನು ಪ್ಲೇಟೋ ಎಂದು ಹಿಂದಿನವರು ಹೇಳುತ್ತಿದ್ದರು. ಆ ಪಟ್ಟ ಅವಳಿಗೆ ಸಿಕ್ಕಿದ್ದು ಯಾರಿಗೋ ಸ್ಫೂರ್ತಿ ಕೊಟ್ಟದ್ದಕ್ಕಲ್ಲ, ಅವಳೇ ಕಟ್ಟಿ ಹಾಡಿದ್ದಕ್ಕೆ. (ಆಕಾಶದಲ್ಲಿ ಸಾಫೋ ಹೆಸರಿನ ಒಂದು ಕ್ಷುದ್ರಗ್ರಹವಿದೆ, 80ನೇ ನಂಬರಿನದು. ಅದನ್ನು ಪತ್ತೆ ಮಾಡಿದ್ದು 1864ರಲ್ಲಿ, ನಮ್ಮ ಮದ್ರಾಸಿನ ವೀಕ್ಷಣಾಲಯದಿಂದ, ನಾರ್ಮನ್ ಪಾಗ್ಸನ್. ಕ್ವಿಜ್ ಮಾಡುವವರು ಇದನ್ನು ಕೇಳಿ, ಖಾತೆ ಹಂಚಿಕೆ ಬಿಡಿ.)

ಮ್ಯೂಸ್‌ಗಳ ಹೆಸರು ನಾವು ದಿನಾ ಹೇಳುತ್ತಲೇ ಇರುತ್ತೇವೆ. ಮ್ಯೂಸಿಕ್ ಅವರದು. ಮ್ಯೂಸಿಯಂ ಅವರದು. ಬೆಂಗಳೂರಿನ ಮ್ಯೂಸಿಯಂ ರೋಡಿನಲ್ಲಿ ಆಟೋದವರ ಜೊತೆ ಮೀಟರಿಗೆ ಜಗಳವಾಡುವಾಗ ಮ್ಯೂಸ್‌ಗಳ ಹೆಸರೆತ್ತಿದ್ದೇವೆ ಅಂತ ಯಾರಿಗೂ ಹೊಳೆಯುವುದಿಲ್ಲ. ಮೂಲದ ಮೂಸಿಯೋನ್ ಅಂದರೆ ಮ್ಯೂಸ್‌ಗಳ ಗುಡಿ. ಅದರಲ್ಲಿ ಹೆಸರಾಂತದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ್ದು, ಟಾಲೆಮಿ ದೊರೆಗಳು ಕಟ್ಟಿಸಿದ್ದು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಳೇ ಮಡಕೆ ಇಟ್ಟಿರಲಿಲ್ಲ. ವಿದ್ವಾಂಸರು ಇರುತ್ತಿದ್ದರು. ಅಡ್ಡಾಡಲು ಹಾದಿ, ಕೂತು ಚರ್ಚಿಸಲು ಜಗಲಿ, ಎಲ್ಲರಿಗೂ ಸೇರಿ ಒಂದು ಊಟದ ಮನೆ, ಮೇಲ್ವಿಚಾರಣೆಗೆ ದೊರೆ ನೇಮಿಸಿದ ಒಬ್ಬ ಪೂಜಾರಿ. ಟೈಮನ್ ಎಂಬ ಕುಚೋದ್ಯಗಾರ ಇದನ್ನು "ಮ್ಯೂಸ್‌ಗಳ ಪಂಜರ" ಅಂದ. ಅದರೊಳಗೆ ಪುಸ್ತಕದ ಹುಳುಗಳು ಕಾಳು ತಿಂದುಕೊಂಡು ಮುಗಿಯದ ಜಗಳ ಆಡುತ್ತಿರುತ್ತವೆ ಅಂತ. ವಿಶ್ವವಿದ್ಯಾಲಯಗಳ ಸ್ಟಾಫ್ ರೂಮು ಕಂಡವರಿಗೆ ಇದರ ಅನುವಾದ ಬೇಕಿಲ್ಲ.

ಒಂದು ವಿಷಯ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ನೆನಪಿನ ಮಕ್ಕಳು ಹುಟ್ಟಿದ್ದು ಯಾಕೆ ಅಂತ ಹೇಳುವಾಗ ಹೆಸಿಯೋಡ್ ಬಳಸಿದ್ದು ಮರೆವು ಅನ್ನುವ ಪದ: ಕೇಡನ್ನು ಮರೆಸಲು, ಚಿಂತೆಗೆ ಬಿಡುವು ಕೊಡಲು. ಎದೆಯಲ್ಲಿ ಹೊಸ ದುಃಖ ಇಟ್ಟುಕೊಂಡವನು ಹಾಡುಗಾರನ ಬಾಯಿಂದ ಹಿಂದಿನವರ ಕಥೆ ಕೇಳುತ್ತ ಕೇಳುತ್ತ ತನ್ನದನ್ನು ಮರೆಯುತ್ತಾನೆ. ಅಂದರೆ ಊರಿನ ನೆನಪು ಗಟ್ಟಿಯಾದಾಗ ಒಬ್ಬನ ನೋವು ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ಕೂರಿಸುವವರಿಗೆ ಇದು ಗೊತ್ತು.

ಆದರೆ ಅದೇ ಗ್ರೀಕರು, ಸತ್ತ ಮೇಲೆ ಮರೆವು ಬೇಡ ಅಂದರು. 1969ರಲ್ಲಿ ದಕ್ಷಿಣ ಇಟಲಿಯಲ್ಲಿ, ಹಿಂದೆ ಗ್ರೀಕರ ಊರಾಗಿದ್ದ ಹಿಪ್ಪೋನಿಯನ್‌ನಲ್ಲಿ, ಒಬ್ಬ ಹೆಂಗಸಿನ ಗೋರಿಯೊಳಗೆ ಒಂದು ಚಿನ್ನದ ತಗಡು ಸಿಕ್ಕಿತು. ಕ್ರಿ.ಪೂ. 400ರ ಸುಮಾರಿನದು. ಮಡಿಚಿ ಮಡಿಚಿ ಚಿಕ್ಕದು ಮಾಡಿದ್ದರು. ಬಿಡಿಸಿದರೆ ಒಳಗೆ ಇರುವೆ ಸಾಲಿನ ಹಾಗೆ ಅಕ್ಷರ, ಸತ್ತವಳಿಗೆ ದಾರಿ ಹೇಳುವ ಸಾಲುಗಳು. ಪಾತಾಳಕ್ಕೆ ಹೋದಾಗ ಬಲಗಡೆ ಒಂದು ಬುಗ್ಗೆ ಕಾಣುತ್ತದೆ, ಪಕ್ಕದಲ್ಲಿ ಬಿಳಿ ಸೈಪ್ರೆಸ್ ಮರ. ಅದರ ಹತ್ತಿರ ಹೋಗಲೇಬೇಡ. ಮುಂದೆ ನಡೆ. ನೆಮೊಸಿನಿಯ ಕೆರೆಯಿಂದ ತಣ್ಣೀರು ಹರಿದು ಬರುತ್ತದೆ, ಕಾವಲುಗಾರರು ನಿಂತಿರುತ್ತಾರೆ. ಅವರಿಗೆ ಹೇಳು: ನಾನು ಭೂಮಿಯ ಕೂಸು, ಚುಕ್ಕಿ ತುಂಬಿದ ಆಕಾಶದ ಕೂಸು. ಬಾಯಾರಿ ಸಾಯುತ್ತಿದ್ದೇನೆ, ಬೇಗ ಕೊಡಿ ನೆನಪಿನ ಕೆರೆಯ ತಣ್ಣೀರು.

ಯಾರೋ ಹೆಣದ ಮೈಮೇಲೆ ಎರಡು ಪದ ಎತ್ತಿಕೊಟ್ಟು ಕಳಿಸಿದ್ದಾರೆ, ಅಲ್ಲಿ ಹೋಗಿ ತಡವರಿಸಬಾರದು ಅಂತ.

ನಿನ್ನೆ ಸಂಜೆ ಕವಿಗಳ ಮನೆಗೆ ಫೋನ್ ಮಾಡಿದೆ. ಅವರೇ ಎತ್ತಿದರು, "ಅಕ್ಕನಿಗೆ ಕೊಡಿ ಸಾರ್" ಅಂದೆ. ಆಕೆಗೆ ಎಲ್ಲ ಹೇಳಿದೆ. ಅಕ್ಕಾ, ಆವತ್ತು ನಾನು ತಪ್ಪು ಹೇಳಿದೆ, ಮ್ಯೂಸ್ ಅಂದರೆ ಮರೆತವರಿಗೆ ಎತ್ತಿಕೊಡೋಳು. ಅವರ ಅಮ್ಮನ ಹೆಸರೇ ನೆನಪು, ಒಂಬತ್ತು ಹೆಣ್ಣುಮಕ್ಕಳು. ಹೆಸರುಗಳನ್ನೂ ಓದಿದೆ. ಮೂರು ಕಡೆ ನನಗೇ ನಾಲಿಗೆ ತೊಡರಿತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಅಂದರು:

"ಒಂಬತ್ತೂ ಹೆಣ್ಣೇನಾ? ಆ ಹೆಸರುಗಳನ್ನ ಒಂದೂ ತಪ್ಪದೆ ಕೂಗಿ ಊಟಕ್ಕೆ ಕರೀಬೇಕು ಅಂದ್ರೆ ಆ ತಾಯಿಗೆ ಜ್ಞಾಪಕಶಕ್ತಿ ಇರಲೇಬೇಕಿತ್ತು ಬಿಡಿ ಮೇಷ್ಟ್ರೇ."